ಕಾರ್ನಿಟಿನ್ ಕುಡಿದರೆ ಕೊಬ್ಬು ಕರಗುತ್ತದೆಯೇ?

ಜೀವಕೋಶದಲ್ಲಿ ಕೊಬ್ಬು ಉರಿದು ಶಕ್ತಿಯಾಗುವುದು ಮೈಟೊಕಾಂಡ್ರಿಯದೊಳಗೆ. ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಅದರ ಒಳಪೊರೆಯನ್ನು ತಾವಾಗಿ ದಾಟಲಾರವು. ಅವನ್ನು ದಾಟಿಸುವ ಸಣ್ಣ ಅಣು ಕಾರ್ನಿಟಿನ್. ಹರಿಗೋಲಿನಂತೆ ಅದು ಕೊಬ್ಬಿನಾಮ್ಲವನ್ನು ಆಚೆ ದಡದಲ್ಲಿ ಇಳಿಸಿ ಮತ್ತೆ ಈಚೆಗೆ ಬರುತ್ತದೆ.

1905ರಲ್ಲಿ ರಷ್ಯಾದ ಗುಲೆವಿಚ್ ಮತ್ತು ಕ್ರಿಂಬರ್ಗ್ ಮಾಂಸದ ಸಾರದಲ್ಲಿ ಇದನ್ನು ಕಂಡುಹಿಡಿದರು. ಇದರ ಕೆಲಸವೇನೆಂದು ತಿಳಿಯಲು ಮಾತ್ರ ಅರ್ಧ ಶತಮಾನ ಬೇಕಾಯಿತು. ನಡುವೆ, ಹಿಟ್ಟಿನಲ್ಲಿ ಬೆಳೆಯುವ ಒಂದು ಹುಳುವಿಗೆ ಇದಿಲ್ಲದೆ ಬದುಕಿಲ್ಲವೆಂದು ಕಂಡುಬಂದದ್ದರಿಂದ ‘ವಿಟಮಿನ್ ಬಿಟಿ’ ಎಂಬ ಹೆಸರೂ ಬಿತ್ತು. ಹುಳುವಿಗೆ ಒಪ್ಪುವ ಆ ಹೆಸರು ಮನುಷ್ಯನಿಗೆ ಒಪ್ಪದು. ನಮ್ಮ ಯಕೃತ್ತು, ಮೂತ್ರಪಿಂಡಗಳು ಲೈಸಿನ್ ಮತ್ತು ಮೆಥಿಯೊನಿನ್ ಎಂಬ ಅಮೈನೊ ಆಮ್ಲಗಳಿಂದ ಇದನ್ನು ತಯಾರಿಸಿಕೊಳ್ಳುತ್ತವೆ. ಆ ಕೆಲಸಕ್ಕೆ ಕಬ್ಬಿಣ, ವಿಟಮಿನ್ ಸಿ ಮುಂತಾದವು ಬೇಕು.

ವಯಸ್ಕರ ದೇಹದಲ್ಲಿ ಸುಮಾರು 20 ಗ್ರಾಂ ಕಾರ್ನಿಟಿನ್ ಇರುತ್ತದೆ, ಬಹುಪಾಲು ಸ್ನಾಯುಗಳಲ್ಲಿ. ಆಹಾರದ ಪೈಕಿ ಕೆಂಪು ಮಾಂಸದಲ್ಲಿ ಹೆಚ್ಚು, ಹಾಲಿನಲ್ಲಿ ಅಲ್ಪ, ಕಾಳು-ತರಕಾರಿಗಳಲ್ಲಿ ಇಲ್ಲವೆನ್ನುವಷ್ಟು. ಹಾಗೆಂದು ಅನ್ನ-ಸಾರು ಉಂಡು ಬದುಕುವವರಿಗೆ ಕೊರತೆಯಾಗುವುದಿಲ್ಲ. ಅವರ ರಕ್ತದ ಮಟ್ಟ ಮಾಂಸಾಹಾರಿಗಳಿಗಿಂತ ತುಸು ಕೆಳಗಿರಬಹುದು, ಅಷ್ಟೇ. ಮೂತ್ರಪಿಂಡಗಳು ಸೋಸಿದ ಕಾರ್ನಿಟಿನ್‌ನಲ್ಲಿ ಶೇ 95ಕ್ಕಿಂತ ಹೆಚ್ಚಿನದನ್ನು ಮತ್ತೆ ಹೀರಿ ಉಳಿಸಿಕೊಳ್ಳುತ್ತವೆ.

ಜಿಮ್‌ಗಳಲ್ಲಿ ‘ಫ್ಯಾಟ್ ಬರ್ನರ್’ ಹೆಸರಿನಲ್ಲಿ ಬಿಕರಿಯಾಗುವ ಡಬ್ಬಿಗಳ ತರ್ಕ ಸರಳ: ಕೊಬ್ಬು ಸಾಗಿಸುವ ವಸ್ತು ಹೆಚ್ಚಿದರೆ ಕೊಬ್ಬೂ ಹೆಚ್ಚು ಉರಿಯಬೇಕು. ತರ್ಕ ಎಡವುವುದು ಮೊದಲ ಮೆಟ್ಟಿಲಲ್ಲೇ. ಮಾತ್ರೆಯ ದೊಡ್ಡ ಪ್ರಮಾಣದಲ್ಲಿ ಕರುಳು ಹೀರಿಕೊಳ್ಳುವುದು ಹೆಚ್ಚೆಂದರೆ ಐದರಲ್ಲೊಂದು ಪಾಲು. ರಕ್ತ ಸೇರಿದ್ದು ಮೂತ್ರದಲ್ಲಿ ಹೋಗತೊಡಗುತ್ತದೆ. ಸ್ನಾಯುವಿನೊಳಗೆ ಇಳಿಯುವುದು ಇನ್ನೂ ಕಷ್ಟ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ನಾಯುವಿನ ಕಾರ್ನಿಟಿನ್ ಸುಮಾರು ಶೇ 21ರಷ್ಟು ಏರಿತು ನಿಜ. ಅದಕ್ಕಾಗಿ ಪ್ರಯೋಗಾರ್ಥಿಗಳು 24 ವಾರ, ದಿನಕ್ಕೆರಡು ಬಾರಿ, 80 ಗ್ರಾಂ ಕಾರ್ಬೊಹೈಡ್ರೇಟ್‌ನ ಪಾನೀಯದ ಜೊತೆ ಅದನ್ನು ಕುಡಿಯಬೇಕಾಯಿತು, ಇನ್ಸುಲಿನ್ ಏರಿಸಲೆಂದು. ತೂಕ ಇಳಿಸಹೊರಟವರಿಗೆ ಇದೊಂದು ವಿಚಿತ್ರ ಪಥ್ಯ!

ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಗಳ ಪ್ರಕಾರ, ಕಾರ್ನಿಟಿನ್ ಸೇವಿಸಿದವರ ತೂಕ ಸೇವಿಸದವರಿಗಿಂತ ಸರಾಸರಿ ಒಂದು ಕಿಲೋಗಿಂತ ತುಸು ಹೆಚ್ಚು ಇಳಿದಿದೆ. ರಾತ್ರಿಯೂಟದ ಬಳಿಕ ನಡೆದಾಡುವವರೂ ಇಷ್ಟನ್ನು ಸಾಧಿಸಬಲ್ಲರು. ಟೈಪ್-2 ಮಧುಮೇಹದಲ್ಲಿ ಚಿತ್ರ ಇನ್ನಷ್ಟು ಕುತೂಹಲಕರ. ಇನ್ಸುಲಿನ್ ಪ್ರತಿರೋಧವಿರುವ ಸ್ನಾಯುವಿನಲ್ಲಿ ಅರೆಬರೆ ಉರಿದ ಇಂಧನದ ತುಣುಕುಗಳು ಶೇಖರವಾಗುತ್ತವೆ. ಕಾರ್ನಿಟಿನ್ ಅವನ್ನು ಅಂಟಿಸಿಕೊಂಡು ಹೊರಗೊಯ್ಯುವುದರಿಂದ ಗ್ಲೂಕೋಸ್ ಬಳಕೆಗೆ ದಾರಿ ಸುಗಮವಾಗಬಹುದೆಂಬ ವಾದವಿದೆ. ರಕ್ತನಾಳದ ಮೂಲಕ ಕೊಟ್ಟಾಗ ಇನ್ಸುಲಿನ್ ಪರಿಣಾಮ ಸುಧಾರಿಸಿದ್ದೂ ಕಂಡಿದೆ. ಬಾಯಿಯ ಮೂಲಕ ಕೊಟ್ಟ ಪ್ರಯೋಗಗಳಲ್ಲಿ ಸಕ್ಕರೆಯ ಮಟ್ಟ ಒಮ್ಮೆ ತುಸು ಇಳಿಯುತ್ತದೆ, ಇನ್ನೊಮ್ಮೆ ಕದಲುವುದೇ ಇಲ್ಲ. ಮಧುಮೇಹದ ಔಷಧಿಯ ಜಾಗವನ್ನು ಇದು ತುಂಬಲಾರದು.

ಇನ್ನೊಂದು ತೊಡಕು ಕರುಳಿನದು. ಹೀರಿಕೊಳ್ಳದೆ ಉಳಿದ ಕಾರ್ನಿಟಿನ್ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರ. ಅವು ಉತ್ಪಾದಿಸುವ ಟ್ರೈಮಿಥೈಲಮೈನ್ ಯಕೃತ್ತಿನಲ್ಲಿ ಟಿಎಂಎಒ ಎಂಬ ವಸ್ತುವಾಗುತ್ತದೆ. ರಕ್ತನಾಳ ಪೆಡಸಾಗುವುದಕ್ಕೂ ಇದಕ್ಕೂ ನಂಟಿದೆಯೆಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧಕರು 2013ರಲ್ಲಿ ತೋರಿಸಿದರು. ಒಂದೇ ಪ್ರಮಾಣ ಸೇವಿಸಿದರೂ ಸಸ್ಯಾಹಾರಿಗಳಲ್ಲಿ ಮಾಂಸಾಹಾರಿಗಳಿಗಿಂತ ಬಹಳ ಕಡಿಮೆ ಟಿಎಂಎಒ ಹುಟ್ಟಿತು. ಹೃದ್ರೋಗಕ್ಕೆ ಇದು ಕಾರಣವೋ ಬರೀ ಸೂಚಕವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಕಾರ್ನಿಟಿನ್ ಖಂಡಿತ ಬೇಕಾದವರೂ ಇದ್ದಾರೆ. ಅದನ್ನು ಕೋಶದೊಳಗೆ ಒಯ್ಯುವ ವಾಹಕದ ಜೀನ್ ಕೆಟ್ಟು ಹುಟ್ಟಿದ ಮಕ್ಕಳಲ್ಲಿ ಹೃದಯದ ಸ್ನಾಯು ದುರ್ಬಲವಾಗುತ್ತದೆ, ಉಪವಾಸವಿದ್ದರೆ ಸಕ್ಕರೆ ಕುಸಿಯುತ್ತದೆ. ಜೀವನಪೂರ್ತಿ ಕಾರ್ನಿಟಿನ್ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆ. ಡೆನ್ಮಾರ್ಕಿಗೆ ಸೇರಿದ ಫ್ಯಾರೊ ದ್ವೀಪಗಳಲ್ಲಿ ಈ ಕಾಯಿಲೆ ಬೇರೆಲ್ಲೂ ಕಾಣದಷ್ಟು ಸಾಮಾನ್ಯ. ಡಯಾಲಿಸಿಸ್‌ನಲ್ಲಿ ಕಾರ್ನಿಟಿನ್ ಸೋರಿಹೋಗುತ್ತದೆ. ಅಪಸ್ಮಾರಕ್ಕೆ ಕೊಡುವ ವಾಲ್ಪ್ರೋಯೇಟ್ ಕೂಡ ಅದನ್ನು ಕಡಿಮೆ ಮಾಡಬಲ್ಲದು.

ದಿನಕ್ಕೆ 3 ಗ್ರಾಂ ಮುಟ್ಟಿದರೆ ವಾಕರಿಕೆ, ಭೇದಿ ಆಗಬಹುದು, ಮೈಗೆ ಮೀನಿನ ವಾಸನೆಯೂ ಹತ್ತಬಹುದು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಥೈರಾಯ್ಡ್ ಔಷಧಿ ಸೇವಿಸುವವರು, ಫಿಟ್ಸ್ ಬಂದಿದ್ದವರು ವೈದ್ಯರನ್ನು ಕೇಳದೆ ಇದನ್ನು ಶುರುಮಾಡಬಾರದು.