ಧನುರ್ಮಾಸದ ನಡುವೆ ಒಂದು ಸುಗ್ಗಿ: ಬೆಂಗಳೂರಿನ ಕ್ರಿಸ್‌ಮಸ್ ಪೇಟೆ

ಡಿಸೆಂಬರ್ ತಿಂಗಳ ಮಧ್ಯಭಾಗದಲ್ಲಿ ಧನುರ್ಮಾಸ ಆರಂಭವಾದೊಡನೆ ಮದುವೆ, ಗೃಹಪ್ರವೇಶ ಮೊದಲಾದ ಶುಭಕಾರ್ಯಗಳು ನಿಲ್ಲುತ್ತವೆ. ಮಕರ ಸಂಕ್ರಾಂತಿಯವರೆಗೆ ಕಲ್ಯಾಣಮಂಟಪಗಳು ಬಿಕೋ ಎನ್ನುತ್ತವೆ. ದೇವಾಲಯಗಳ ಪ್ರಾತಃಕಾಲದ ಪೂಜೆಗೆ, ವೈಕುಂಠ ಏಕಾದಶಿಗೆ ಹೂವು ಬೇಕಾಗುವುದು ನಿಜ. ಆದರೆ ಮದುವೆಮನೆಗಳ ಬೇಡಿಕೆಗೆ ಅದು ಸಾಟಿಯಾಗದು. ಚಿಕ್ಕಬಳ್ಳಾಪುರದ ಹೂವಿನ ವರ್ತಕರಿಗೂ ಶಿಡ್ಲಘಟ್ಟದ ರೇಷ್ಮೆ ವಹಿವಾಟಿನವರಿಗೂ ಈ ತಿಂಗಳು ಕೈ ಕಟ್ಟಿ ಕೂರುವ ತಿಂಗಳೆಂಬ ಭಾವನೆ ಹಿಂದಿನಿಂದಲೂ ಬೇರೂರಿದೆ.

ಅದೇ ದಿನಗಳಲ್ಲಿ, ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ವರ್ಷದ ದೊಡ್ಡ ಸಂಭ್ರಮಗಳಲ್ಲೊಂದು ನಡೆಯುತ್ತಿರುತ್ತದೆ. ಡಿಸೆಂಬರ್ 25ರ ಕ್ರಿಸ್‌ಮಸ್ ಮತ್ತು ಅದರ ಬೆನ್ನಿಗೇ ಬರುವ ಹೊಸವರ್ಷಕ್ಕಾಗಿ ಹೂವು, ಹಣ್ಣು, ತಿಂಡಿ, ಬಟ್ಟೆ, ಅಲಂಕಾರದ ಸಾಮಾನು ಎಲ್ಲಕ್ಕೂ ಅಲ್ಲಿ ಗಿರಾಕಿಗಳಿರುತ್ತಾರೆ. ಧನುರ್ಮಾಸದ ಕೊರತೆಯನ್ನು ಒಂದಿಷ್ಟಾದರೂ ತುಂಬಬಲ್ಲ ಈ ಪೇಟೆಗೆ ಒಂದು ಗುಣವಿದೆ. ಹಬ್ಬದ ದಿನಾಂಕ ಎಂದೂ ಬದಲಾಗುವುದಿಲ್ಲ. ಆದರೆ ಅದರ ಖರೀದಿ, ಸರಕಿಗೆ ತಕ್ಕಂತೆ, ಹಬ್ಬಕ್ಕಿಂತ ವಾರಗಳಷ್ಟೋ ತಿಂಗಳುಗಳಷ್ಟೋ ಮೊದಲೇ ಮುಗಿದಿರುತ್ತದೆ. ಇದನ್ನರಿತವರಿಗೆ ಲಾಭ, ಅರಿಯದವರಿಗೆ ಬಾಡಿದ ಸರಕು.

ಹಬ್ಬ ನಗರದಲ್ಲಿ ಬೇರೂರಿದ ಬಗೆ

1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರ ದಂಡುಪ್ರದೇಶ ಸ್ಥಾಪನೆಯಾಯಿತು. ಸೈನಿಕರೊಡನೆ ಅವರಿಗೆ ಸರಕು ಒದಗಿಸುವ ವರ್ತಕರು, ದರ್ಜಿಗಳು, ಬೇಕರಿಯವರು ಬಂದು ನೆಲೆಸಿದರು. ಇಂದಿನ ಶಿವಾಜಿನಗರ, ಫ್ರೇಜರ್ ಟೌನ್, ರಿಚ್ಮಂಡ್ ಟೌನ್ ಮೊದಲಾದವು ಆ ಪ್ರದೇಶದಲ್ಲಿ ಬೆಳೆದ ಬಡಾವಣೆಗಳು. ಕಾಲಕ್ರಮದಲ್ಲಿ ಮಂಗಳೂರು, ಗೋವಾ, ಕೇರಳ, ತಮಿಳುನಾಡುಗಳಿಂದ ಬಂದ ಕ್ರೈಸ್ತ ಕುಟುಂಬಗಳು ತಮ್ಮ ತಮ್ಮ ತಿಂಡಿ ತಿನಿಸುಗಳನ್ನೂ ಪದ್ಧತಿಗಳನ್ನೂ ತಂದವು. ಇಂದು ಈ ಹಬ್ಬದ ಖರೀದಿ ಒಂದು ಸಮುದಾಯಕ್ಕೆ ಸೀಮಿತವಾಗಿಲ್ಲ. ಕೇಕು ಕೊಳ್ಳುವವರು, ದೀಪಾಲಂಕಾರ ನೋಡಲು ಬರುವವರು, ಕಚೇರಿಗಳಲ್ಲಿ ಉಡುಗೊರೆ ಹಂಚುವವರು ಎಲ್ಲ ಧರ್ಮದವರೂ ಆಗಿದ್ದಾರೆ.

ಕಣ್ಣಾರೆ ಕಾಣಬೇಕಾದ ತಾಣಗಳು

ವರ್ತಕರು ಕುಟುಂಬ ಸಮೇತರಾಗಿ ಡಿಸೆಂಬರಿನಲ್ಲಿ ಒಂದು ದಿನ ನಗರಕ್ಕೆ ಹೋಗಿ ಬರುವುದು ಸಂತೋಷಕ್ಕೂ ಆಯಿತು, ಮಾರುಕಟ್ಟೆಯ ಅಧ್ಯಯನಕ್ಕೂ ಆಯಿತು.

ಬೆಳಿಗ್ಗೆ ಶಿವಾಜಿನಗರದಿಂದ ಆರಂಭಿಸುವುದು ಸೂಕ್ತ. ಅಲ್ಲಿನ ಸಂತ ಮೇರಿ ಬೆಸಿಲಿಕಾ ನಗರದ ಅತಿ ಹಳೆಯ ಚರ್ಚುಗಳಲ್ಲೊಂದು. 1973ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ದೊರೆಯಿತು. ಅದರ ಸಮೀಪದ ರಸೆಲ್ ಮಾರುಕಟ್ಟೆ ಬ್ರಿಟಿಷರ ಕಾಲದ್ದು. 2012ರ ಅಗ್ನಿ ಅನಾಹುತದಲ್ಲಿ ಅನೇಕ ಮಳಿಗೆಗಳು ಸುಟ್ಟರೂ ವ್ಯಾಪಾರ ನಿಲ್ಲಲಿಲ್ಲ. ಹಣ್ಣು, ಹೂವು, ಒಣಹಣ್ಣು ಇಲ್ಲಿನ ಮುಖ್ಯ ಸರಕು. ಡಿಸೆಂಬರಿನಲ್ಲಿ ಈ ಪರಿಸರದ ಅಂಗಡಿಗಳಲ್ಲಿ ಕಾಗದದ ನಕ್ಷತ್ರಗಳು, ಗೋದಲಿಯ ಗೊಂಬೆಗಳು, ತೋರಣಗಳು ತೂಗಾಡುತ್ತವೆ. ಯಾವ ಅಳತೆಯ, ಯಾವ ಬಣ್ಣದ ಸರಕು ಹೆಚ್ಚು ಬಿಕರಿಯಾಗುತ್ತದೆಂಬುದನ್ನು ಅರ್ಧ ಗಂಟೆ ನಿಂತು ನೋಡಿದರೆ ತಿಳಿಯುತ್ತದೆ.

ಅಲ್ಲಿಂದ ಕಮರ್ಷಿಯಲ್ ಸ್ಟ್ರೀಟ್ ಕಾಲ್ನಡಿಗೆಯ ದೂರ. ಬಟ್ಟೆ ವ್ಯಾಪಾರಿಗಳು ನೋಡಲೇಬೇಕಾದ ಬೀದಿಯಿದು. ಸಂಜೆಯ ಹೊತ್ತಿಗೆ ಬ್ರಿಗೇಡ್ ರಸ್ತೆ, ಮಹಾತ್ಮ ಗಾಂಧಿ ರಸ್ತೆ, ಚರ್ಚ್ ಸ್ಟ್ರೀಟುಗಳ ದೀಪಾಲಂಕಾರ ಕಣ್ಣಿಗೆ ಹಬ್ಬ. ಸ್ವಂತ ವಾಹನ ನಿಲ್ಲಿಸಲು ಸ್ಥಳ ಸಿಗುವುದು ಕಷ್ಟವಾದುದರಿಂದ ಮೆಜೆಸ್ಟಿಕ್‌ನಿಂದ ಮೆಟ್ರೊ ರೈಲಿನಲ್ಲಿ ಮಹಾತ್ಮ ಗಾಂಧಿ ರಸ್ತೆಗೆ ಬರುವುದು ಮೇಲು.

ನಗರದ ವಾರ್ಷಿಕ ಕೇಕ್ ಪ್ರದರ್ಶನ 1975ರಿಂದ ನಡೆದುಬಂದಿದ್ದು, 2024ರಲ್ಲಿ 50ನೆಯ ಆವೃತ್ತಿಯನ್ನು ಕಂಡಿತು. ಹೆಸರಾಂತ ಕಟ್ಟಡಗಳ ಪ್ರತಿಕೃತಿಗಳನ್ನು ಸಕ್ಕರೆಯಿಂದ ರೂಪಿಸಿ ಇಲ್ಲಿ ಇಡುತ್ತಾರೆ. ಮಕ್ಕಳಿಗೆ ಇದು ಬೆರಗು. ಬೇಕರಿ ನಡೆಸುವವರಿಗೆ ಪಾಠಶಾಲೆ. 24ರ ರಾತ್ರಿ ಚರ್ಚುಗಳಲ್ಲಿ ನಡೆಯುವ ಪೂಜೆಯ ಸಂದರ್ಭದಲ್ಲಿ ಪೀಠದ ಅಲಂಕಾರಕ್ಕೆ ಬಳಸಿರುವ ಹೂಗಳನ್ನು ಗಮನಿಸಿದರೆ, ಪುಷ್ಪೋದ್ಯಮಿಗಳಿಗೆ ಬೇಕಾದ ಮಾಹಿತಿ ಅಲ್ಲಿಯೇ ಇರುತ್ತದೆ: ಬಿಳಿ ಮತ್ತು ಕೆಂಪು, ಉದ್ದ ಕಾಂಡ, ಒಂದೇ ಸಮನಾದ ಮೊಗ್ಗು.

ದ್ರಾಕ್ಷಿ: ಡಿಸೆಂಬರಿನ ಹಬ್ಬ, ಅಕ್ಟೋಬರಿನ ಪೇಟೆ

ಚಿಕ್ಕಬಳ್ಳಾಪುರ ಸೀಮೆಯ ದ್ರಾಕ್ಷಿಯಲ್ಲಿ ಎರಡು ತಳಿಗಳು ಮುಖ್ಯ. ದಿಲ್‌ಖುಷ್ ತಿನ್ನುವ ಹಣ್ಣು. ಬೆಂಗಳೂರು ನೀಲಿ ದ್ರಾಕ್ಷಿ ಗಾಢಬಣ್ಣದ, ಬೀಜವಿರುವ, ಹುಳಿಮಿಶ್ರಿತ ಸಿಹಿಯ ಹಣ್ಣಾಗಿದ್ದು, ರಸಕ್ಕೂ ವೈನಿಗೂ ಹೇಳಿಮಾಡಿಸಿದಂತಿದೆ. ಇದಕ್ಕೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ಬೆಂಗಳೂರಿನ ಅನೇಕ ಕ್ರೈಸ್ತ ಮನೆಗಳಲ್ಲಿ ಹಬ್ಬದ ದ್ರಾಕ್ಷಾರಸಕ್ಕೆ ಇದೇ ಹಣ್ಣು ಬೇಕು. ಹಣ್ಣನ್ನು ಜಾಡಿಯಲ್ಲಿ ಮೂರು ವಾರಗಳ ಕಾಲ ಹುದುಗಲು ಬಿಟ್ಟು, ಸೋಸಿ, ಮತ್ತೆ ಕೆಲವು ವಾರ ತಿಳಿಯಾಗಲು ಇಡುತ್ತಾರೆ. ಆದ್ದರಿಂದ ಹಣ್ಣಿನ ಖರೀದಿ ಅಕ್ಟೋಬರಿನಲ್ಲಿ ಆರಂಭವಾಗಿ ನವೆಂಬರ್ ಮೊದಲ ವಾರಗಳಲ್ಲಿ ಮುಗಿಯುತ್ತದೆ. ಡಿಸೆಂಬರ್ ನಡುವೆ ಲಾರಿ ತುಂಬಿಸಿಕೊಂಡು ಹೋಗುವವರಿಗೆ ದೊರೆಯುವುದು ತಿನ್ನುವ ಹಣ್ಣಿನ ಪೇಟೆಯೇ ಹೊರತು ಹಬ್ಬದ ಪೇಟೆಯಲ್ಲ. ಬಳ್ಳಿ ಸವರಿದ ದಿನದಿಂದ ಕೊಯ್ಲಿಗೆ ನಾಲ್ಕು ತಿಂಗಳಿಗೂ ಮೇಲ್ಪಟ್ಟು ಬೇಕಾಗುವುದರಿಂದ ಈ ವ್ಯಾಪಾರದ ನಿರ್ಧಾರ ಜೂನ್ ತಿಂಗಳಿನಲ್ಲಿಯೇ ಆಗಬೇಕು. ಮಾರಾಟಕ್ಕಾಗಿ ವೈನ್ ತಯಾರಿಸಲು ಅಬಕಾರಿ ಪರವಾನಗಿ ಕಡ್ಡಾಯವೆಂಬುದನ್ನು ಮರೆಯುವಂತಿಲ್ಲ. ಹಣ್ಣು ಮಾರುವವರಿಗೆ ಆ ತೊಡಕಿಲ್ಲ.

ಹೂವು: ಎರಡು ಹಬ್ಬಗಳ ನಡುವಿನ ಆಯ್ಕೆ

ಗುಲಾಬಿ ಬೆಳೆಗಾರರ ಮುಂದೆ ಡಿಸೆಂಬರಿನಲ್ಲಿ ಕಠಿಣವಾದ ಆಯ್ಕೆಯೊಂದಿದೆ. ಗಿಡ ಸವರಿದ ಮೇಲೆ ಹೂವು ಕೊಯ್ಲಿಗೆ ಬರಲು ಸುಮಾರು 45ರಿಂದ 55 ದಿನ ಹಿಡಿಯುತ್ತದೆ. ಚಳಿ ಹೆಚ್ಚಾದರೆ ಇನ್ನೂ ನಿಧಾನ. ಫೆಬ್ರವರಿ 14ರ ಪ್ರೇಮಿಗಳ ದಿನದ ರಫ್ತಿಗೆ ಹೂವು ಬೇಕಿದ್ದರೆ ಡಿಸೆಂಬರ್ ಮಧ್ಯದಲ್ಲಿ ಗಿಡ ಸವರಬೇಕು. ಸವರಿದ ಗಿಡದಲ್ಲಿ ಕ್ರಿಸ್‌ಮಸ್‌ಗೆ ಹೂವಿರುವುದಿಲ್ಲ. ಕ್ರಿಸ್‌ಮಸ್‌ಗೆ ಹೂವು ಬೇಕೆಂದರೆ ನವೆಂಬರ್ ಮೊದಲ ವಾರದಲ್ಲಿ ಸವರಿ, ಮೊಗ್ಗುಗಳನ್ನು ಹಬ್ಬದವರೆಗೆ ಉಳಿಸಿಕೊಳ್ಳಬೇಕಾಗುತ್ತದೆ.

ರಫ್ತಿನಲ್ಲಿ ಬೆಲೆ ಹೆಚ್ಚು, ಅಪಾಯವೂ ಹೆಚ್ಚು. ಸ್ಥಳೀಯ ಹಬ್ಬದಲ್ಲಿ ಬೆಲೆ ಮಿತ, ಹಣ ಬೇಗ ಕೈಗೆ. ಹಸಿರುಮನೆಯ ಸಾಲುಗಳನ್ನು ಎರಡು ಪಾಲು ಮಾಡಿ, ಒಂದನ್ನು ನವೆಂಬರಿನಲ್ಲಿ, ಇನ್ನೊಂದನ್ನು ಡಿಸೆಂಬರಿನಲ್ಲಿ ಸವರುವವರು ಎರಡೂ ಪೇಟೆಗಳಲ್ಲಿ ಕಾಲಿಡಬಹುದು. ಡಿಸೆಂಬರಿನ ಇಬ್ಬನಿಯಿಂದ ಬರುವ ಬೂಜು ರೋಗದ ಬಗ್ಗೆ ಎಚ್ಚರ ಅಗತ್ಯ. ಚುಕ್ಕೆ ಬಿದ್ದ ಎಲೆಯ ಹೂವನ್ನು ನಗರದ ಅಲಂಕಾರದವರು ಮುಟ್ಟುವುದಿಲ್ಲ.

ಸೇವಂತಿಗೆ, ಚೆಂಡುಹೂವಿನ ವರ್ತಕರು ಗಮನಿಸಬೇಕಾದುದೆಂದರೆ, ಈ ಹಬ್ಬದಲ್ಲಿ ಹೂವನ್ನು ಮಾರಿನ ಲೆಕ್ಕದಲ್ಲಾಗಲಿ ತೂಕದ ಲೆಕ್ಕದಲ್ಲಾಗಲಿ ಕೊಳ್ಳುವವರು ಕಡಿಮೆ. ಕಾಂಡಸಹಿತ ಕಟ್ಟಿನ ಲೆಕ್ಕದಲ್ಲಿ ಕೊಳ್ಳುವವರೇ ಹೆಚ್ಚು. ಬಿಳಿ ಸೇವಂತಿಗೆಯನ್ನು ಕಾಂಡದೊಡನೆ ಕೊಯ್ದು ನೀರಿನಲ್ಲಿಟ್ಟು ಸಾಗಿಸಿದರೆ ಅದೇ ಹೂವು ಬೇರೊಂದು ಸರಕಾಗುತ್ತದೆ. 24ರ ಮಧ್ಯಾಹ್ನದವರೆಗೆ ಪೈಪೋಟಿಯಲ್ಲಿ ಕೊಂಡೊಯ್ಯುವ ಹೂವನ್ನು 26ರಂದು ಕೇಳುವವರಿರುವುದಿಲ್ಲ.

ಶಿಡ್ಲಘಟ್ಟ: ಗೂಡು, ನೂಲು, ಅಲಂಕಾರ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ಅತಿ ದೊಡ್ಡ ಮಾರುಕಟ್ಟೆಗಳಲ್ಲೊಂದು. ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳಿಗೂ ಕ್ರಿಸ್‌ಮಸ್‌ಗೂ ಏನು ಸಂಬಂಧವೆಂದು ಕೇಳಬಹುದು. ಹಬ್ಬಕ್ಕೆ ಮುಂಚಿನ ನಾಲ್ಕು ವಾರಗಳ ಸಿದ್ಧತಾ ಕಾಲದಲ್ಲಿ ಕ್ಯಾಥೊಲಿಕ್ ಕ್ರೈಸ್ತರು ಸಾಮಾನ್ಯವಾಗಿ ಮದುವೆ ಮಾಡುವುದಿಲ್ಲ. 25 ಕಳೆದೊಡನೆ ಅವರಲ್ಲಿ ಮದುವೆಗಳು ಮತ್ತೆ ಆರಂಭವಾಗುತ್ತವೆ. ಅಂದರೆ ಧನುರ್ಮಾಸದ ಕಾರಣ ಇತರರ ಮದುವೆ ನಿಂತಿರುವ ದಿನಗಳಲ್ಲಿಯೇ ಅಲ್ಲಿ ಮದುವೆಯ ಜವಳಿ ಓಡುತ್ತಿರುತ್ತದೆ. ದಕ್ಷಿಣ ಭಾರತದ ಕ್ರೈಸ್ತ ವಧುಗಳಲ್ಲಿ ಬಿಳಿ ಇಲ್ಲವೆ ಕೆನೆಬಣ್ಣದ ರೇಷ್ಮೆಸೀರೆ ಉಡುವವರು ಬಹಳ. ನೂಲು ಹುರಿಗೊಂಡು ನೇಯ್ದು ಅಂಗಡಿ ಸೇರಲು ವಾರಗಳೇ ಬೇಕಾದುದರಿಂದ ಈ ಬೇಡಿಕೆಯ ನೂಲು ಅಕ್ಟೋಬರಿನ ಹೊತ್ತಿಗೆ ಮಗ್ಗ ತಲುಪಿರಬೇಕು.

ಇನ್ನೊಂದು ದಾರಿ ಚಿಕ್ಕ ಬಂಡವಾಳದ್ದು. ನೂಲು ಬಿಚ್ಚಲು ಬಾರದ ತೂತಾದ ಗೂಡುಗಳನ್ನು ಕತ್ತರಿಸಿ, ಬಣ್ಣ ಕಟ್ಟಿ ಹೂ, ಹಾರ, ತೋರಣ ಮಾಡುವ ಕರಕುಶಲ ರೇಷ್ಮೆ ಸೀಮೆಗಳಲ್ಲಿ ಇದೆ. ಅದೇ ಕೈಗಳು ನಕ್ಷತ್ರವನ್ನೂ ಗಂಟೆಯನ್ನೂ ಮಾಡಬಲ್ಲವು. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್ ಸೇರಿದಂತೆ ಹಲವು ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ತಯಾರಿಕೆ, ಮಾರಾಟ ದೇಶಾದ್ಯಂತ ನಿಷೇಧವಾಗಿರುವುದರಿಂದ ಇಂತಹ ನೈಸರ್ಗಿಕ ವಸ್ತುಗಳಿಗೆ ದಾರಿ ತೆರೆದಿದೆ.

ಚಿಂತಾಮಣಿ ಮತ್ತು ಗೌರಿಬಿದನೂರು

ಚಿಂತಾಮಣಿಯ ಕಡಲೆಕಾಯಿಗೆ ನಗರದ ದಾರಿ ಹೊಸದಲ್ಲ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಅಲ್ಲಿಂದ ಮೂಟೆಗಳು ಹೋಗುತ್ತವೆ. ಡಿಸೆಂಬರ್ ಕೊನೆ ಇಲ್ಲವೆ ಜನವರಿಯಲ್ಲಿ ಅವರೆ ಮೇಳ ನಡೆಯುತ್ತದೆ. ಇವೆರಡರ ನಡುವೆ ಕ್ರಿಸ್‌ಮಸ್ ಬೀಳುತ್ತದೆ. ಪರಿಷೆಯಲ್ಲಿ ಸೇರಿನ ಲೆಕ್ಕದಲ್ಲಿ ಹೋಗುವ ಕಡಲೆಕಾಯಿ, ಹುರಿದು ಅಥವಾ ಚಿಕ್ಕಿಯಾಗಿ ಒಳ್ಳೆಯ ಪೆಟ್ಟಿಗೆಯಲ್ಲಿ ಕೂತರೆ ಉಡುಗೊರೆಯ ಸರಕಾಗುತ್ತದೆ. ಇದಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಅಡಿಯಲ್ಲಿ ನೋಂದಣಿ ಅಥವಾ ಪರವಾನಗಿ ಬೇಕು. ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಿಕೆಯ ದಿನಾಂಕ ಮುದ್ರಿತವಾಗಿರಬೇಕು.

ಗೌರಿಬಿದನೂರಿಗೆ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಬಲವಿದೆ, ಬೆಂಗಳೂರಿಗೆ ನೇರ ರೈಲುಮಾರ್ಗವಿದೆ. ಕೇಕಿನ ಪೆಟ್ಟಿಗೆ, ಉಡುಗೊರೆಯ ಕಾಗದದ ಚೀಲ, ನಕ್ಷತ್ರದ ದೀಪ ಇವುಗಳಿಗೆ ದೊಡ್ಡ ಯಂತ್ರಗಳು ಬೇಕಿಲ್ಲ. ದೀಪಾವಳಿಗೆ ಆಕಾಶಬುಟ್ಟಿ ಮಾಡುವವರು ಅಚ್ಚು ಬದಲಿಸಿದರೆ ಕ್ರಿಸ್‌ಮಸ್ ನಕ್ಷತ್ರ ಸಿದ್ಧ. ಬೇಕರಿಗಳು ಪೆಟ್ಟಿಗೆಯನ್ನು ಕೊನೆಯ ವಾರ ಹುಡುಕುವುದಿಲ್ಲ. ಒಣಹಣ್ಣು ನೆನೆಹಾಕುವ ದಿನಗಳಲ್ಲಿಯೇ ಮುಂಗಡ ನೀಡುತ್ತವೆ. ವಿದೇಶಗಳ ಹಬ್ಬಕ್ಕೆ ಸಿದ್ಧ ಉಡುಪು ಕಳುಹಿಸುವವರಿಗಂತೂ ಹಡಗಿನ ಸಾಗಣೆಯ ದಿನಗಳನ್ನು ಕಳೆದರೆ ಸೆಪ್ಟೆಂಬರ್ ತಿಂಗಳೇ ಕೊನೆಯ ಗಡುವು.

ಹಣ ವಸೂಲಿಯ ಎಚ್ಚರ

ಹಬ್ಬದ ಸರಕನ್ನು ಉದ್ದರಿಗೆ ಕೊಟ್ಟು, ಮಾರಾಟವಾಗದೆ ಉಳಿದುದನ್ನು ಜನವರಿಯಲ್ಲಿ ಹಿಂದಕ್ಕೆ ಪಡೆಯುವ ಪರಿಸ್ಥಿತಿ ಸಣ್ಣ ತಯಾರಕರನ್ನು ಮುಳುಗಿಸುತ್ತದೆ. ವಾಪಸು ತೆಗೆದುಕೊಳ್ಳುವ ಷರತ್ತನ್ನು ಮೊದಲೇ ಲಿಖಿತವಾಗಿ ಇತ್ಯರ್ಥಪಡಿಸಿಕೊಳ್ಳಬೇಕು. ಉದ್ಯಮ್ ನೋಂದಣಿ ಹೊಂದಿದ ಅತಿ ಸಣ್ಣ ಹಾಗೂ ಸಣ್ಣ ತಯಾರಕರಿಗೆ 2006ರ ಕಾಯ್ದೆಯ ಪ್ರಕಾರ ಖರೀದಿದಾರರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕು. ತಯಾರಿಕೆ ಇಲ್ಲದೆ ಕೇವಲ ವ್ಯಾಪಾರ ಮಾಡುವವರಿಗೆ ಈ ರಕ್ಷಣೆ ದೊರೆಯದು; ಅವರು ನಗದು ವ್ಯವಹಾರಕ್ಕೆ ಅಂಟಿಕೊಳ್ಳುವುದೇ ಕ್ಷೇಮ.

ಹಿಂದಿನಿಂದ ಎಣಿಸುವ ಲೆಕ್ಕ

ಮೇಲಿನ ಎಲ್ಲವನ್ನೂ ಕ್ರೋಡೀಕರಿಸಿದರೆ ವರ್ತಕರ ಪಂಚಾಂಗ ಹೀಗಾಗುತ್ತದೆ:

ಜೂನ್: ನೀಲಿ ದ್ರಾಕ್ಷಿಯ ಬಳ್ಳಿ ಸವರುವ ನಿರ್ಧಾರ.
ಸೆಪ್ಟೆಂಬರ್: ರಫ್ತಿನ ಉಡುಪು ಹಡಗಿಗೆ, ನಗರದ ಬೇಕರಿ, ಅಂಗಡಿಗಳಿಗೆ ಪೆಟ್ಟಿಗೆ ಹಾಗೂ ನಕ್ಷತ್ರಗಳ ಮಾದರಿ.
ಅಕ್ಟೋಬರ್: ದ್ರಾಕ್ಷಿ ಮಾರಾಟ; ರೇಷ್ಮೆ ನೂಲು ಮಗ್ಗಕ್ಕೆ.
ನವೆಂಬರ್: ಮೊದಲ ವಾರ ಗುಲಾಬಿ ಗಿಡ ಸವರುವುದು, ತಿಂಗಳ ಕೊನೆಗೆ ನಕ್ಷತ್ರ, ತೋರಣಗಳು ಅಂಗಡಿಗೆ.
ಡಿಸೆಂಬರ್: 20ರಿಂದ 24ರವರೆಗೆ ಹೂವಿನ ಸಾಗಣೆ, ಚಿಕ್ಕಿ, ಕಡಲೆಕಾಯಿಯ ಉಡುಗೊರೆ ಪೆಟ್ಟಿಗೆಗಳ ಮಾರಾಟ.

ಈ ವರ್ಷ ದೊಡ್ಡ ಬಂಡವಾಳ ಹೂಡುವ ಅಗತ್ಯವಿಲ್ಲ. ಮೊದಲು ಒಂದು ದಿನ ನಗರದ ಹಬ್ಬ ನೋಡಿ, ನಾಲ್ಕು ಅಂಗಡಿಗಳವರೊಡನೆ ಮಾತನಾಡಿ, ಅವರಿಗೆ ಯಾವ ಸರಕು ಯಾವ ವಾರ ಬೇಕೆಂಬುದನ್ನು ಬರೆದುಕೊಂಡು ಬಂದರೂ ಸಾಕು. ಮುಂದಿನ ಧನುರ್ಮಾಸದ ವ್ಯಾಪಾರ ಆ ಚೀಟಿಯಿಂದಲೇ ಆರಂಭವಾಗುತ್ತದೆ.