ಮನೆಯವರೊಬ್ಬರ ಬಂಧನವಾದಾಗ

ಬಂಧನದ ಸುದ್ದಿ ಬಂದ ಕೂಡಲೇ ಮನೆಯವರು ಪತ್ತೆ ಮಾಡಬೇಕಾದದ್ದು ಠಾಣೆ ಯಾವುದು ಎಂಬುದನ್ನು. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ಇದಕ್ಕೇ ಅರ್ಧ ದಿನ ಹಿಡಿಯಬಹುದು. ಪಟ್ಟಣಕ್ಕೊಂದು ಠಾಣೆ, ಗ್ರಾಮಾಂತರಕ್ಕೊಂದು. ಬಾಣಾವರ, ಗಂಡಸಿ, ಜಾವಗಲ್‌ಗಳಿಗೆ ಪ್ರತ್ಯೇಕ ಠಾಣೆಗಳು. ಅರಸೀಕೆರೆ ರೈಲ್ವೆ ಜಂಕ್ಷನ್ ಆದ್ದರಿಂದ ರೈಲಿನಲ್ಲೋ ಪ್ಲಾಟ್‌ಫಾರ್ಮಿನಲ್ಲೋ ನಡೆದ ಪ್ರಕರಣ ರೈಲ್ವೆ ಪೊಲೀಸರ ಪಾಲಿಗೆ ಹೋಗುತ್ತದೆ. ಬೇಲೂರು ತಾಲ್ಲೂಕಿನ ಹಳೇಬೀಡಿನಲ್ಲಿ ಠಾಣೆಯಿದ್ದರೂ ಕೋರ್ಟು 16 ಕಿಲೋಮೀಟರ್ ದೂರದ ಬೇಲೂರಿನಲ್ಲಿದೆ. ಜಿಲ್ಲಾ ಕಾರಾಗೃಹವಿರುವುದು ಹಾಸನದಲ್ಲಿ. ಹೀಗೆ ಒಬ್ಬರ ಬಂಧನವಾದರೆ ಮನೆಯವರು ಠಾಣೆ, ಕೋರ್ಟು, ಜೈಲು ಎಂದು ಮೂರು ಊರು ಅಲೆಯಬೇಕಾಗುತ್ತದೆ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 48ನೇ ಕಲಮಿನ ಪ್ರಕಾರ, ಬಂಧಿಸಿದ ವಿಷಯವನ್ನೂ ಎಲ್ಲಿಟ್ಟಿದ್ದಾರೆ ಎಂಬುದನ್ನೂ ಬಂಧಿತರು ಹೇಳಿದ ಬಂಧುವಿಗೋ ಸ್ನೇಹಿತರಿಗೋ ತಕ್ಷಣ ತಿಳಿಸುವುದು ಪೊಲೀಸರ ಕರ್ತವ್ಯ. ಫೋನ್ ಬರದಿದ್ದರೆ ಜಿಲ್ಲಾ ಪೊಲೀಸ್ ನಿಯಂತ್ರಣ ಕೊಠಡಿಯಲ್ಲಿ ಕೇಳಬಹುದು. ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪವನ್ನು ಅಲ್ಲಿ ಇಟ್ಟಿರಲೇಬೇಕು.

ಬಂಧನದ ಹೊತ್ತಿನಲ್ಲಿ ತಯಾರಾಗುವ ಬಂಧನ ಪತ್ರವನ್ನು ಬಹಳ ಮಂದಿ ಓದದೆ ಸಹಿ ಹಾಕಿಬಿಡುತ್ತಾರೆ. ಅರೆಸ್ಟ್ ಮೆಮೊ ಎಂದು ಠಾಣೆಯವರು ಕರೆಯುವ ಈ ಕಾಗದಕ್ಕೆ ಮನೆಯವರೊಬ್ಬರೋ ಊರಿನ ಗೌರವಸ್ಥರೊಬ್ಬರೋ ಸಾಕ್ಷಿಯಾಗಿ ರುಜು ಹಾಕಬೇಕು, ಬಂಧಿತರೂ ಹಾಕಬೇಕು. 1996ರ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದ ಈ ನಿಯಮ ಈಗ ಕಾನೂನಿನಲ್ಲೇ ಸೇರಿದೆ. ಆ ಹಾಳೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ದಿನಾಂಕ ಮತ್ತು ಗಂಟೆ. ಸಂವಿಧಾನದ 22ನೇ ವಿಧಿಯಂತೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಂಧಿತರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. “ಸುಮ್ನೆ ವಿಚಾರಣೆಗೆ ಕರ್ಕೊಂಡ್ ಹೋಗ್ತಿದೀವಿ, ಸಾಯಂಕಾಲ ಕಳಿಸ್ತೀವಿ” ಎಂದು ಕರೆದೊಯ್ದು, ಮರುದಿನ ಸಂಜೆಯ ಹೊತ್ತನ್ನು ಬಂಧನದ ಹೊತ್ತೆಂದು ಬರೆದರೆ 24 ಗಂಟೆಯ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಕರೆದೊಯ್ದ ಗಂಟೆ, ಬಂದವರ ಹೆಸರು, ಜೀಪಿನ ನಂಬರನ್ನು ಮನೆಯವರು ಅಲ್ಲೇ ಬರೆದಿಡುವುದು ಒಳ್ಳೆಯದು. ಮುಂದೆ ವಕೀಲರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅಲ್ಲಿರುತ್ತದೆ.

ಬಂಧನದ ಕಾರಣವನ್ನೂ ಕೇಳಿ ಪಡೆಯಬೇಕು. ಕಾರಣಗಳನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದೇ ಕೊಡಬೇಕು. ತಕ್ಷಣ ಆಗದಿದ್ದರೆ ರಿಮ್ಯಾಂಡಿಗೆ, ಅಂದರೆ ಕಸ್ಟಡಿಯ ತೀರ್ಮಾನಕ್ಕೆ ಮ್ಯಾಜಿಸ್ಟ್ರೇಟರ ಮುಂದೆ, ಹಾಜರುಪಡಿಸುವುದಕ್ಕೆ ಕನಿಷ್ಠ 2 ಗಂಟೆ ಮೊದಲಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. 7 ವರ್ಷದವರೆಗಿನ ಶಿಕ್ಷೆಯ ಆರೋಪಗಳಲ್ಲಿ ಬಂಧನವೇ ಅನಿವಾರ್ಯವಲ್ಲ, ಹಾಜರಾಗುವಂತೆ ನೋಟಿಸ್ ಕೊಟ್ಟರೆ ಸಾಕಾಗಬಹುದು. ಬಂಧಿಸಲೇಬೇಕಿದ್ದರೆ ಪೊಲೀಸರು ಕಾರಣ ದಾಖಲಿಸಬೇಕೆಂದು 2014ರ ಅರ್ನೇಶ್ ಕುಮಾರ್ ತೀರ್ಪು ಒತ್ತಿ ಹೇಳಿತು. ಮಹಿಳೆಯರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಸಾಧಾರಣ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಹೊರತು, ಬಂಧಿಸುವಂತಿಲ್ಲ. 18 ತುಂಬದವರ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಬಾರದು.

ವಕೀಲರ ಫೀಸಿಗಾಗಿ ಮೊದಲ ರಾತ್ರಿಯೇ ಒಡವೆ ಅಡ ಇಡುವ ಮನೆಗಳು ಎಷ್ಟೋ. ಅದಕ್ಕೆ ಮುಂಚೆ ತಿಳಿದಿರಬೇಕಾದ ಮಾತೊಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಕಸ್ಟಡಿಯಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರ ನೆರವಿಗೆ ಹಕ್ಕಿದೆ, ಆದಾಯದ ಮಿತಿ ಅವರಿಗೆ ಅನ್ವಯಿಸುವುದಿಲ್ಲ. ಅರಸೀಕೆರೆ, ಬೇಲೂರುಗಳಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕೋರ್ಟಿನಲ್ಲಿ ವಿಚಾರಿಸಬಹುದು. ಸಹಾಯವಾಣಿಯ ಸಂಖ್ಯೆ 15100. ಠಾಣೆಯ ಗೇಟಿನಲ್ಲೋ ಕೋರ್ಟಿನ ಮೆಟ್ಟಿಲಲ್ಲೋ ಎದುರಾಗಿ “ನಾನು ಮಾಡಿಸ್ಕೊಡ್ತೀನಿ” ಎನ್ನುವವರ ಕೈಗೆ ಕೊಟ್ಟ ದುಡ್ಡಿಗೆ ರಶೀದಿಯೂ ಇಲ್ಲ, ಲೆಕ್ಕವೂ ಇಲ್ಲ.

ರಿಮ್ಯಾಂಡಿನ ದಿನ ಕುಟುಂಬದವರು ಕೋರ್ಟಿನಲ್ಲಿ ಇರುವುದು ಒಳ್ಳೆಯದು. ರಜಾದಿನವಾದರೆ ನ್ಯಾಯಾಧೀಶರ ಮನೆಯಲ್ಲೇ ಹಾಜರುಪಡಿಸುವುದುಂಟು. ಹೊಡೆತ ಬಿದ್ದಿದ್ದರೆ, ಕಾಯಿಲೆಯಿದ್ದರೆ ಹೇಳಬೇಕಾದ ಜಾಗ ಅದೇ. ಅಲ್ಲಿ ಹೇಳಿದ್ದು ದಾಖಲೆಯಾಗುತ್ತದೆ. ಅಲ್ಲಿಂದ ಪೊಲೀಸ್ ಕಸ್ಟಡಿಗೆ ಕೊಟ್ಟರೆ ಆರೋಪಿ ಠಾಣೆಗೆ ಮರಳುತ್ತಾರೆ, ನ್ಯಾಯಾಂಗ ಬಂಧನವಾದರೆ ಜೈಲಿಗೆ. ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಆದರೆ ಹೊಸ ಸಂಹಿತೆಯಲ್ಲಿ ಅದನ್ನು ಮೊದಲ 40 ಅಥವಾ 60 ದಿನಗಳ ಅವಧಿಯಲ್ಲಿ ಬಿಡಿಬಿಡಿಯಾಗಿ ಕೇಳಲು ಅವಕಾಶವಿರುವುದರಿಂದ, ಜೈಲಿಗೆ ಹೋದವರನ್ನು ಮತ್ತೆ ಠಾಣೆಗೆ ತಂದರೆ ಮನೆಯವರು ಗಾಬರಿಯಾಗಬೇಕಿಲ್ಲ.

ಜೈಲಿನ ಸಂದರ್ಶನಕ್ಕೆ ಗುರುತಿನ ಚೀಟಿ ಬೇಕು. ವಾರ, ವೇಳೆ, ಒಮ್ಮೆಗೆ ಎಷ್ಟು ಜನ ಎಂಬುದನ್ನು ಕಚೇರಿಯಲ್ಲಿ ಮೊದಲೇ ಕೇಳಿಕೊಂಡರೆ ಅರಸೀಕೆರೆಯಿಂದ ಬಸ್ಸು ಹತ್ತಿ ಬರಿಗೈಲಿ ಮರಳುವುದು ತಪ್ಪುತ್ತದೆ. ಇ-ಮುಲಾಕಾತ್ ವ್ಯವಸ್ಥೆಯಲ್ಲಿ ಆನ್‌ಲೈನ್ ನೋಂದಣಿಯೂ ಇದೆ. ವಿಚಾರಣಾಧೀನ ಕೈದಿಗಳು ಮನೆಯ ಬಟ್ಟೆ ತೊಡಬಹುದು. ಸಕ್ಕರೆ ಕಾಯಿಲೆ, ಬಿಪಿ ಇದ್ದವರ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಜೈಲಿನ ಅಧಿಕಾರಿಗಳಿಗೇ ಒಪ್ಪಿಸಬೇಕು. ತಾಯಿ ಜೈಲಿನಲ್ಲಿದ್ದರೆ 6 ವರ್ಷದೊಳಗಿನ ಮಗು ಜೊತೆಗಿರಬಹುದು.

ಹೊರಗೆ ಮನೆ ನಡೆಯಬೇಕು. ಕೊಬ್ಬರಿ ಮಾರಾಟದ ಹಣ, ಡೇರಿ ಬಟವಾಡೆ, ಬೆಳೆಸಾಲದ ಕಂತು ಎಲ್ಲವೂ ಒಳಗಿರುವವರ ಹೆಸರಿನಲ್ಲೇ ಇದ್ದರೆ ಮೊದಲ ತಿಂಗಳಲ್ಲೇ ಬಿಕ್ಕಟ್ಟು ಎದುರಾಗುತ್ತದೆ. ವಕೀಲರ ಮೂಲಕ ಅಧಿಕಾರ ಪತ್ರ ಬರೆಸಿ, ಜೈಲು ಅಧಿಕಾರಿಯ ಮುಂದೆ ಸಹಿ ಮಾಡಿಸಿ ತರಲು ದಾರಿಯಿದೆ. ರಾಜ್ಯ ಸರ್ಕಾರಿ ನೌಕರರು 48 ಗಂಟೆಗಿಂತ ಹೆಚ್ಚು ಕಸ್ಟಡಿಯಲ್ಲಿದ್ದರೆ ಅಮಾನತಾದಂತೆಯೇ ಲೆಕ್ಕ. ಜೀವನಾಧಾರ ಭತ್ಯೆ ಮಾತ್ರ ಸಿಗುತ್ತದೆ.

ಜಾಮೀನು ಸಿಗಬಹುದಾದ ಅಪರಾಧವಾದರೆ ಅದು ಹಕ್ಕು. ಉಳಿದವುಗಳಲ್ಲಿ ಅದು ನ್ಯಾಯಾಲಯದ ವಿವೇಚನೆ. ಜೀವಾವಧಿ ಅಥವಾ ಮರಣದಂಡನೆಯ ಆರೋಪವಿದ್ದರೆ ಸಾಮಾನ್ಯವಾಗಿ ಸೆಷನ್ಸ್ ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ, ಅಲ್ಲೂ ಆಗದಿದ್ದರೆ ಬೆಂಗಳೂರಿನ ಹೈಕೋರ್ಟಿಗೆ. 60 ದಿನದೊಳಗೆ, 10 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಆರೋಪಗಳಲ್ಲಿ 90 ದಿನದೊಳಗೆ, ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಪಡೆಯುವ ಹಕ್ಕು ಹುಟ್ಟುತ್ತದೆ. ಆದರೆ ಚಾರ್ಜ್‌ಶೀಟ್ ಬರುವ ಮುಂಚೆಯೇ ಅರ್ಜಿ ಹಾಕಿರಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನವನ್ನು ಮೊದಲೇ ಗುರುತು ಹಾಕಿಟ್ಟ ಮನೆಗೆ ಅದು ದಕ್ಕುತ್ತದೆ.

ಜಾಮೀನು ಮಂಜೂರಾದರೂ ಬಿಡುಗಡೆ ಆದಂತಲ್ಲ. ಬಡವರು ಸಿಕ್ಕಿಬೀಳುವುದು ಇಲ್ಲೇ. ಕೋರ್ಟು ಶ್ಯೂರಿಟಿ ಕೇಳುತ್ತದೆ. ಜಮೀನಿದ್ದವರು ಆಧಾರ್, ಹೊಸ ಪಹಣಿಯೊಡನೆ ಬಂದು ಮುಚ್ಚಳಿಕೆ ಬರೆದುಕೊಡಬೇಕು. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ, ಖಾತೆ ಆಗದ ಮೊಮ್ಮಗನ ಜಮೀನು ಆ ದಿನ ಲೆಕ್ಕಕ್ಕೆ ಬರುವುದಿಲ್ಲ. ಋಣದ ಕಲಮಿನಲ್ಲಿ ಬ್ಯಾಂಕ್ ಸಾಲ ತುಂಬಿದ್ದರೂ ತಕರಾರು ಏಳಬಹುದು. ಕೇಸಿನ ಹೆಸರು ಕೇಳಿದ ಮೇಲೆ ನೆಂಟರೂ ಹಿಂದೆ ಸರಿಯುತ್ತಾರೆ. ಜಮೀನಿಲ್ಲದ ಕೂಲಿಯವರಿಗೆ, ಬೇಲೂರಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ ಹೊರರಾಜ್ಯದವರಿಗೆ ಇದು ಇನ್ನೂ ದೊಡ್ಡ ಗೋಡೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಪರಾಧ ಸಾಬೀತಾಗದೆ ಒಳಗಿರುವವರ ಈ ಸಂಖ್ಯೆ ಯಾವ ನಾಗರಿಕರನ್ನಾದರೂ ಕಾಡಬೇಕು.

ಇದಕ್ಕೆ ಕಾನೂನಿನಲ್ಲಿ ಕೆಲವು ದಾರಿಗಳಿವೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ, ಜಾಮೀನು ಆದೇಶದ ಪ್ರತಿ ಅಂದೋ ಮರುದಿನವೋ ಇ-ಮೇಲ್ ಮೂಲಕ ಜೈಲಿಗೆ ಹೋಗಬೇಕು. 7 ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟೇ ಪರಿಶೀಲಿಸಬಹುದು. ಅದೇ ವರ್ಷ ಕೇಂದ್ರ ಸರ್ಕಾರ ತಂದ ಬಡ ಕೈದಿಗಳ ನೆರವಿನ ಯೋಜನೆಯಲ್ಲಿ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ ಕೊಡಲು ಅವಕಾಶ ಮಾಡಲಾಯಿತು. ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಪಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಭಾಗ ಒಳಗೆ ಕಳೆದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಡಿ ಬಿಡುಗಡೆ ಕೇಳಬಹುದು. ಜೀವಾವಧಿ, ಮರಣದಂಡನೆಯ ಆರೋಪಗಳಿಗೂ ಒಂದಕ್ಕಿಂತ ಹೆಚ್ಚು ಕೇಸು ಬಾಕಿಯಿರುವವರಿಗೂ ಇದು ಸಿಗದು.

ಹೊರಬಂದ ಮೇಲೆ ಷರತ್ತುಗಳು ಶುರುವಾಗುತ್ತವೆ: ಠಾಣೆಗೆ ಹೋಗಿ ಸಹಿ ಹಾಕುವುದು, ಸಾಕ್ಷಿಗಳ ತಂಟೆಗೆ ಹೋಗದಿರುವುದು, ಅನುಮತಿಯಿಲ್ಲದೆ ಊರು ಬಿಡದಿರುವುದು. ಮುಂದಿನ ವಾಯಿದೆ ಯಾವತ್ತು ಎಂಬುದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ ನೋಡಬಹುದು. ಕಾರಣ ತಿಳಿಸದೆ ವಾಯಿದೆ ತಪ್ಪಿಸಿದರೆ ವಾರಂಟ್ ಹೊರಡುತ್ತದೆ, ಶ್ಯೂರಿಟಿ ಕೊಟ್ಟವರಿಗೂ ನೋಟಿಸ್ ಹೋಗುತ್ತದೆ, ಮುಚ್ಚಳಿಕೆಯ ಮೊತ್ತವನ್ನು ಅವರಿಂದ ವಸೂಲು ಮಾಡಬಹುದು. ಅವರು ಬೇಡವೆಂದರೆ ಹೊಣೆಯಿಂದ ಬಿಡಿಸುವಂತೆ ಕೋರ್ಟಿಗೆ ಅರ್ಜಿ ಕೊಡಬಹುದು. ಆಗ ಆರೋಪಿ ಬೇರೆ ಜಾಮೀನುದಾರರನ್ನು ತರಬೇಕು, ತರಲಾಗದಿದ್ದರೆ ಮತ್ತೆ ಜೈಲಿಗೆ ಹೋಗಬೇಕಾಗಬಹುದು.