ವಯನಾಡಿನ ಶಾಲೆಗೆ ಹಾಡಿಯಿಂದಲೇ ಬಂದರು ಟೀಚರ್

ಸುಲ್ತಾನ್ ಬತ್ತೇರಿ: ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾದು ಮುತ್ತಂಗ ಚೆಕ್‌ಪೋಸ್ಟ್ ದಾಟಿದರೆ ಬೋರ್ಡುಗಳ ಲಿಪಿ ಬದಲಾಗುತ್ತದೆ. ರಸ್ತೆಯಿಂದ ಒಳಗಿರುವ ಹಾಡಿಗಳ ಮಾತು ಮಾತ್ರ ಅಷ್ಟು ಸುಲಭಕ್ಕೆ ಬದಲಾಗಲ್ಲ. ನೂಲ್ಪುಳ ಪಂಚಾಯಿತಿಯ ಕಾಟ್ಟುನಾಯ್ಕರು ನಮ್ಮ ಎಚ್.ಡಿ. ಕೋಟೆಯ ಜೇನುಕುರುಬರಿಗೆ ನೆಂಟರಿದ್ದಂತೆ. ಅವರಾಡುವ ನುಡಿ ಕನ್ನಡಕ್ಕೆ ಹತ್ತಿರದ್ದು. ತಿರುನೆಲ್ಲಿ ಕಡೆಯ ಅಡಿಯರು ತಮ್ಮನ್ನು ರಾವುಳರು ಎಂದು ಕರೆದುಕೊಳ್ಳುತ್ತಾರೆ. ಕೊಡಗಿಗೆ ಬಂದರೆ ಅವರೇ ಯರವರು.

ಈ ಮಾತೇ ಶಾಲೆಯ ಬಾಗಿಲಲ್ಲಿ ತೊಡಕಾಗಿದ್ದು. ಶಾಲೆಯ ಪಾಠವೆಲ್ಲ ಮಲಯಾಳಂನಲ್ಲಿ. ಅಲ್ಲಿ ನೀರಿಗೆ ವೆಳ್ಳಂ, ಮನೆಗೆ ವೀಡು. ಗುಂಡ್ಲುಪೇಟೆಯ ಮಗುವನ್ನು ಕರೆದೊಯ್ದು ಆ ಬೆಂಚಿನಲ್ಲಿ ಕೂರಿಸಿದರೆ ಏನಾದೀತು? ಹಾಡಿಯ ಮಗುವಿನ ಪಾಡೂ ಅದೇ. ಟೀಚರ್ ಕೇಳಿದ್ದು ಅರ್ಥವಾಗದೆ ಸುಮ್ಮನಿದ್ದರೆ 'ದಡ್ಡ' ಅನ್ನೋ ಹೆಸರು. ನಾಲ್ಕು ದಿನ ಬಂದು ಐದನೇ ದಿನ ಕಾಡಿನ ಕಡೆ ಹೊರಟ ಮಗುವಿಗೆ 'ಓದಿನಲ್ಲಿ ಆಸಕ್ತಿಯಿಲ್ಲ' ಅಂತ ಷರಾ. ಆಸಕ್ತಿಯಿಲ್ಲದ್ದು ಯಾರಿಗೆ ಅನ್ನೋದನ್ನು ಬಹಳ ಕಾಲ ಯಾರೂ ಕೇಳಲಿಲ್ಲ.

ಕೇರಳ ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಣೆಯಾಗಿದ್ದು 1991ರಲ್ಲಿ. ಅದಾಗಿ 20 ವರ್ಷಗಳ ನಂತರ, 2011ರ ಜನಗಣತಿಯಲ್ಲೂ ರಾಜ್ಯದ ಪರಿಶಿಷ್ಟ ಪಂಗಡಗಳ ಸಾಕ್ಷರತೆ ಶೇ. 76ರ ಆಸುಪಾಸಿನಲ್ಲೇ ಇತ್ತು. ಅದೇ ಗಣತಿಯಂತೆ ವಯನಾಡಿನ 8.17 ಲಕ್ಷ ಜನರಲ್ಲಿ 1.51 ಲಕ್ಷ ಮಂದಿ ಆದಿವಾಸಿಗಳು. ಪಣಿಯರು, ಕುರಿಚ್ಯರು, ಮುಳ್ಳುಕುರುಮರು, ಅಡಿಯರು, ಕಾಟ್ಟುನಾಯ್ಕರು ಹೀಗೆ ಒಬ್ಬೊಬ್ಬರದು ಒಂದೊಂದು ಬದುಕು. ಕೈಯಲ್ಲಿ ಭೂಮಿಯಿದ್ದ ಕುರಿಚ್ಯರೂ ಕುರುಮರೂ ಓದಿನಲ್ಲಿ ಮುಂದೆ ಹೋದರು. ಒಂದು ಕಾಲಕ್ಕೆ ಜೀತದಾಳುಗಳಾಗಿದ್ದ ಪಣಿಯರು, ಅಡಿಯರು ಹಿಂದೆಯೇ ಉಳಿದರು.

ಗೋತ್ರಬಂಧು

2017ರಲ್ಲಿ ಕೇರಳ ಸರ್ಕಾರ 'ಗೋತ್ರಬಂಧು' ಯೋಜನೆ ತಂದು, ಶಿಕ್ಷಕ ತರಬೇತಿ ಪಡೆದಿದ್ದ ಆದಿವಾಸಿ ಯುವಕ ಯುವತಿಯರು 241 ಮಂದಿಯನ್ನು ವಯನಾಡಿನ ಪ್ರಾಥಮಿಕ ಶಾಲೆಗಳಿಗೆ ಮೆಂಟರ್ ಟೀಚರ್‌ಗಳಾಗಿ ನೇಮಿಸಿತು. ಕೆಲಸ ಇಷ್ಟೇ. ಮಗುವಿನ ಮಾತಲ್ಲಿ ಪಾಠ ಬಿಡಿಸಿ ಹೇಳಬೇಕು, ಶಾಲೆಗೆ ಬಾರದ ಮಗುವನ್ನು ಹುಡುಕಿ ಹಾಡಿಗೆ ಹೋಗಬೇಕು. ಕೇಳೋಕೆ ಸಣ್ಣದು. ಆದರೆ ತನ್ನ ಮಾತನ್ನೇ ಆಡುವವರೊಬ್ಬರು ಸ್ಟಾಫ್‌ರೂಮಿನ ಕುರ್ಚಿಯಲ್ಲಿ ಕೂತಿದ್ದನ್ನು ಮಗು ನೋಡುವುದಿದೆಯಲ್ಲ, ಅದು ಯಾವ ಪಠ್ಯಪುಸ್ತಕದಲ್ಲೂ ಸಿಗುವ ಪಾಠವಲ್ಲ.

ಇಂಥ ಪ್ರಯತ್ನಕ್ಕೆ ಜಿಲ್ಲೆಯಲ್ಲಿ ಹಳೆಯ ಬೇರೂ ಉಂಟು. 1990ರ ದಶಕದಲ್ಲಿ ಲೇಖಕ ಕೆ.ಜೆ. ಬೇಬಿ ನಡವಯಲ್‌ನಲ್ಲಿ 'ಕನವು' ಎಂಬ ಶಾಲೆ ತೆರೆದರು. ಕನವು ಅಂದರೆ ಕನಸು. ಅಲ್ಲಿ ಹಾಡು, ಕಳರಿ, ಬೇಸಾಯ ಎಲ್ಲವೂ ಪಾಠ. ಮುಂದೆ ಶಾಲೆಯನ್ನು ಅಲ್ಲೇ ಬೆಳೆದ ಮಕ್ಕಳ ಕೈಗೊಪ್ಪಿಸಿದರು. ಬೇಬಿ 2024ರಲ್ಲಿ ತೀರಿಕೊಂಡರು.

ಪೊಳುತನದ ಕುರಿಚ್ಯ ಸಮುದಾಯದ ಶ್ರೀಧನ್ಯಾ ಸುರೇಶ್ 2018ರ ನಾಗರಿಕ ಸೇವಾ ಪರೀಕ್ಷೆಯಲ್ಲಿ 410ನೇ ರ್‍ಯಾಂಕ್ ಪಡೆದಾಗ ದೇಶವೇ ವಯನಾಡಿನತ್ತ ತಿರುಗಿತು. ಕೇರಳದ ಆದಿವಾಸಿ ಹೆಣ್ಣುಮಗಳೊಬ್ಬಳು ಆ ಪರೀಕ್ಷೆ ಗೆದ್ದಿದ್ದು ಅದೇ ಮೊದಲು. ಸಂತೋಷವೇ. ಆದರೆ ಪಣಿಯ ಹಾಡಿಯ ಹುಡುಗನಿಗೆ ಪ್ಲಸ್ ಒನ್ ಸೀಟೇ ದೊಡ್ಡ ಬೆಟ್ಟ. ಪ್ಲಸ್ ಒನ್‌ನಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲು ಶೇ. 8. ಜಿಲ್ಲೆಯಲ್ಲಿ ಅವರಿರುವುದು ಶೇ. 18ಕ್ಕೂ ಹೆಚ್ಚು. ಹತ್ತನೇ ತರಗತಿ ಪಾಸಾಗುವವರು ಜಾಸ್ತಿಯಾದಂತೆ ಹೊರಗುಳಿಯುವವರೂ ಜಾಸ್ತಿಯಾದರು. 2020ರಲ್ಲಿ ಈ ಸೀಟುಗಳಿಗಾಗಿಯೇ ವಿದ್ಯಾರ್ಥಿಗಳು ಬತ್ತೇರಿಯಲ್ಲಿ ಸತ್ಯಾಗ್ರಹ ಕೂರಬೇಕಾಯಿತು.

ಕಾಸರಗೋಡಿನ ನೆನಪು

ಭಾಷೆಯ ಈ ಕಷ್ಟ ಕಾಸರಗೋಡಿನ ಕನ್ನಡಿಗರಿಗೆ ಹೊಸದಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರನ್ನು ಕಳಿಸಿದಾಗೆಲ್ಲ ಅಲ್ಲಿ ಪೋಷಕರು ಬೀದಿಗಿಳಿದಿದ್ದಾರೆ. ಗೋತ್ರಬಂಧು ಬಂದ 2017ರಲ್ಲೇ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾನೂನೂ ಬಂತು. ಅದರ ವಿರುದ್ಧವೂ ಕಾಸರಗೋಡಿನಲ್ಲಿ ದನಿ ಎದ್ದಿತು. ಕನ್ನಡಿಗರಿಗೆ ಲಿಪಿಯಿದೆ, ಪಠ್ಯವಿದೆ, ಪತ್ರಿಕೆಯಿದೆ. ಕಾಟ್ಟುನಾಯ್ಕರ ನುಡಿಗೆ ಲಿಪಿಯಿಲ್ಲ, ಅದರಲ್ಲಿ ಪಾಠ ಮಾಡುವ ಶಾಲೆಯೂ ಇಲ್ಲ. ಇರುವುದು ಮೆಂಟರ್ ಟೀಚರ್ ಒಬ್ಬರೇ. ಅವರದೂ ಕರಾರಿನ ಕೆಲಸ, ಕಾಯಂ ಅಲ್ಲ.

ದೂರದ ಹಾಡಿಗಳಿಂದ ಮಕ್ಕಳನ್ನು ಜೀಪಿನಲ್ಲಿ ಕರೆತರುವ 'ಗೋತ್ರಸಾರಥಿ' ಎಂಬ ಯೋಜನೆಯೂ ಉಂಟು. ಆಮೇಲೆ ಅದರ ಹೆಸರು 'ವಿದ್ಯಾವಾಹಿನಿ' ಎಂದಾಯಿತು. ಆನೆ ತಿರುಗುವ ದಾರಿಯಲ್ಲಿ ಮಕ್ಕಳು ನಡೆದು ಬರುವುದು ತಪ್ಪಲಿ ಅಂತ ಮಾಡಿದ್ದು. ಜೀಪಿನ ಬಾಡಿಗೆ ಬಾಕಿಯಾಗಿ ಓಟ ನಿಂತದ್ದೂ ಉಂಟು. ಓಟ ನಿಂತರೆ ಹಾಡಿಯ ಮಕ್ಕಳ ಹಾಜರಿಯೂ ನಿಂತಂತೆ.

ಶುಂಠಿ ಹೊಲದ ತಿಂಗಳುಗಳು

ಇನ್ನೊಂದು ಸಂಗತಿ ನಮ್ಮ ಕಡೆಯದೇ. ವಯನಾಡಿನ ರೈತರು ಕೊಡಗು, ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವುದು ಎಲ್ಲರಿಗೂ ಗೊತ್ತು. ಕೆಲಸಕ್ಕೆ ಅಲ್ಲಿಂದಲೇ ಪಣಿಯರನ್ನೂ ಅಡಿಯರನ್ನೂ ಕರೆತರುತ್ತಾರೆ. ಡಿಸೆಂಬರ್ ಬಂತೆಂದರೆ ಕೊಡಗಿನಲ್ಲಿ ಕಾಫಿ ಕೊಯ್ಲು, ಅದಕ್ಕೂ ಅವರೇ ಬೇಕು. ಅಪ್ಪ ಅಮ್ಮ ಹೊರಟರೆ ಮಕ್ಕಳನ್ನು ಬಿಟ್ಟುಬರೋದು ಎಲ್ಲಿ? ಅವರೂ ಜೀಪು ಹತ್ತುತ್ತಾರೆ. ಕೇರಳದಲ್ಲಿ ಜೂನ್‌ಗೆ ಶಾಲೆ ತೆರೆದು ಮಾರ್ಚ್‌ಗೆ ಪರೀಕ್ಷೆ. ಕೊಯ್ಲು ಮುಗಿಯುವ ಹೊತ್ತಿಗೆ ಪರೀಕ್ಷೆಯೂ ಮುಗಿದಿರುತ್ತದೆ. ಮೆಂಟರ್ ಟೀಚರ್ ಹಾಡಿಗೆ ಹೋಗಿ ಬಾಗಿಲು ತಟ್ಟಿದರೆ ಒಳಗೆ ಯಾರೂ ಇಲ್ಲ. ಮಗುವಿನ ಹೆಸರು ವಯನಾಡಿನ ಹಾಜರಿ ಪುಸ್ತಕದಲ್ಲಿ, ಮಗು ಕರ್ನಾಟಕದ ಶುಂಠಿ ಹೊಲದ ಶೆಡ್ಡಿನಲ್ಲಿ.